ಸುಖವಾಗಿದ್ದ ಪಾಚಿ

ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವಳಿಗೆ ಕಾಲೇಜಿನ ಮಕ್ಕಳು ಪಾಚಿ ಮೇಡಂ ಅಂತ ಹೆಸರಿಟ್ಟಿದ್ದರು. ಎದುರಿಗೆ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ, ಬೆನ್ನ ಹಿಂದೆ ಯಾರೂ ಬೇರೆ ಹೆಸರು ಹೇಳುತ್ತಿರಲಿಲ್ಲ. ಇದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಸಹೋದ್ಯೋಗಿಗಳಿಗೆ ಅಂಟಿಕೊಂಡಿದ್ದ ಹೆಸರುಗಳನ್ನು ಕೇಳಿದರೆ ಪಾಚಿ ಎಷ್ಟೋ ವಾಸಿ.

ಹೆಸರೇನೂ ಸುಮ್ಮನೆ ಬಂದದ್ದಲ್ಲ. ದಾರಿಯಲ್ಲಿ ಹೋಗುವಾಗ ಉಳಿದವರು ಅಂಗಡಿಯ ಗಾಜಿನೊಳಗೆ ಇಣುಕಿದರೆ ಇವಳು ಚರಂಡಿಯೊಳಗೆ ಇಣುಕುತ್ತಿದ್ದಳು. ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಮುಚ್ಚಳದ ಸೀಸೆಯೊಂದು ಇದ್ದೇ ಇರುತ್ತಿತ್ತು. ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡ ಗಿರಾಕಿಗಳ ಮುಂದೆ ಹೇಳುತ್ತಿದ್ದ: "ನಮ್ಮನೆಯವಳು ಹಸಿರು ಕಂಡ್ರೆ ನಿಂತುಬಿಡ್ತಾಳೆ. ಸಿಗ್ನಲ್‌ನಲ್ಲಿ ಹಸಿರು ಬಿದ್ರೂ ಅಷ್ಟೇ."

ಬಸ್ ನಿಲ್ದಾಣದ ತಿರುವಿನಲ್ಲಿ ರಸ್ತೆಯಡಿಯ ನೀರಿನ ಪೈಪು ಸೋರಿ ಸೋರಿ ಒಂದು ನೀರಿನ ಗುಂಡಿಯಾಗಿತ್ತು. ಎಷ್ಟು ಹಳೆಯ ಗುಂಡಿಯೆಂದರೆ, ಜನ ಅದನ್ನು ನೋಡದೆಯೇ ಬಳಸಿಕೊಂಡು ಹೋಗಲು ಕಲಿತಿದ್ದರು. ಒಂದು ಬೆಳಿಗ್ಗೆ ಬಸ್ಸು ತಪ್ಪಿತು. ಮಾಡಲು ಬೇರೆ ಕೆಲಸವಿಲ್ಲದೆ ಅವಳು ಬಗ್ಗಿ ನೋಡಿದಳು. ಅಂಚಿನಲ್ಲಿ ಕೂದಲ ಗಂಟಿನಂಥ ಒಂದಿಷ್ಟು ಹಸಿರು ತೇಲುತ್ತಿತ್ತು. ಮುಟ್ಟಿದರೆ ಲೋಳೆ. ಸೀಸೆಗೆ ತುಂಬಿಕೊಂಡಳು.

ಸಂಜೆ ಮನೆಯಲ್ಲಿದ್ದ ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಮೊದಲಿಗೆ ಕಂಡದ್ದು ಪ್ರತಿ ವರ್ಷ ಪಾಠ ಮಾಡುವ ಅದೇ ಚಿತ್ರ. ಗಾಜಿನ ಕೊಳವೆಯಂಥ ಎಳೆ, ಎಳೆಯೊಳಗೆ ಸಾಲು ಮನೆಗಳ ಹಾಗೆ ಕೋಶಗಳು, ಒಂದೊಂದು ಮನೆಯಲ್ಲೂ ಸುರುಳಿ ಸುತ್ತಿದ ಹಸಿರು ಪಟ್ಟಿ. ಸೀಸೆ ತೊಳೆಯಲು ಏಳಬೇಕೆಂದಿದ್ದವಳು ಹಾಗೇ ಕೂತಳು. ಮನೆ ಮನೆಗಳ ನಡುವಿನ ಗೋಡೆ ನೇರವಾಗಿರಲಿಲ್ಲ. ಬಟ್ಟೆಯ ನೆರಿಗೆಯಂತೆ ಒಳಕ್ಕೆ ಮಡಚಿಕೊಂಡಿತ್ತು. ಪಟ್ಟಿಯ ಸುತ್ತು ಕೂಡ ಬಲು ಬಿಗಿ. ಇಂಥದೊಂದು ಚಿತ್ರವನ್ನು ಅವಳು ಓದುವ ಕಾಲದಲ್ಲಿ ಹಳೆಯ ಪುಸ್ತಕವೊಂದರಲ್ಲಿ ನೋಡಿದ್ದಳು. ಎಲ್ಲೋ ದೂರದೇಶದ ಕೆಲವು ಹೊಂಡಗಳಲ್ಲಿ ಮಾತ್ರ ಸಿಕ್ಕಿದ್ದ ಪಾಚಿ ಅದು. ಈ ಕಡೆ ಅದನ್ನು ಕಂಡೆ ಅಂತ ಇದುವರೆಗೆ ಯಾರೂ ಬರೆದಿರಲಿಲ್ಲ.

ಫೋಟೋ ತೆಗೆದು, ಪಾಚಿಗಳ ವಿಷಯದಲ್ಲಿ ಕೊನೆಯ ಮಾತು ಯಾರದ್ದೋ ಆ ಪಂಡಿತರಿಗೆ ಕಳಿಸಿದಳು. ಅವರು ದೊಡ್ಡವರು, ಮಾತು ಮಾತ್ರ ಚಿಕ್ಕದು. ಉತ್ತರ ಹೀಗಿತ್ತು: "ಮಡಚಿದ ಗೋಡೆಯವು ಬೇಕಾದಷ್ಟಿವೆ. ಬೀಜ ಕಟ್ಟಿದಾಗ ತೋರಿಸಿ. ಬೀಜದ ಸಿಪ್ಪೆಯ ಮೇಲೆ ಬಲೆಯಂಥ ಗೆರೆಗಳಿದ್ದರೆ ನೀವು ಹೇಳಿದ್ದು ಸರಿ. ಇಲ್ಲದಿದ್ದರೆ ಅದು ಬರೀ ಪಾಚಿ."

ಬರೀ ಪಾಚಿ ಅನ್ನುವ ಮಾತು ಅವಳಿಗೆ ಗಂಟಲ ಮುಳ್ಳಾಯಿತು. ಆದರೆ ಪಂಡಿತರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈ ಕುಲದ ಪಾಚಿಗಳೆಲ್ಲ ನೋಡಲು ಒಂದೇ ಥರ, ಬೀಜ ಕಟ್ಟಿದ ಮೇಲೆಯೇ ಯಾವುದು ಯಾವುದೆಂದು ತಿಳಿಯುವುದು. ಪಾಚಿಯ ಬೀಜ ಅಂದರೆ ಗಟ್ಟಿ ಸಿಪ್ಪೆಯ ಒಂದು ಕಣ, ಗಿಡದ ಬೀಜದಂಥದ್ದಲ್ಲ. ಅದು ಕಟ್ಟಬೇಕಾದರೆ ಎರಡು ಎಳೆಗಳು ಪಕ್ಕಪಕ್ಕ ಮಲಗಿ, ನಡುವೆ ಏಣಿಯ ಮೆಟ್ಟಿಲಂತೆ ಸೇತುವೆ ಕಟ್ಟಿಕೊಳ್ಳಬೇಕು. ಒಂದರ ಒಳಗಿನದೆಲ್ಲ ಇನ್ನೊಂದರ ಮನೆಗೆ ಹೋಗಿ ಸೇರಬೇಕು. ಇಷ್ಟೆಲ್ಲ ತಾಪತ್ರಯ ಅವು ಪಡುವುದು ಕಷ್ಟ ಬಂದಾಗ ಮಾತ್ರ. ನೀರು ಬತ್ತುತ್ತಿದೆ, ಇನ್ನು ಉಳಿಗಾಲವಿಲ್ಲ ಅನ್ನಿಸಿದಾಗ. ಎಲ್ಲ ಸುಸೂತ್ರವಾಗಿರುವ ತನಕ ಸುಮ್ಮನೆ ಉದ್ದ ಬೆಳೆಯುತ್ತ ಹೋಗುತ್ತವೆ.

ಊಟಕ್ಕೆ ಕೂತಾಗ ಗಂಡನಿಗೆ ಇದನ್ನೆಲ್ಲ ವಿವರಿಸಿದಳು. ಮಾವ ಬೇಗ ಉಂಡು ತಮ್ಮ ಕೋಣೆಯಲ್ಲಿ ರೇಡಿಯೋ ಮುಂದೆ ಕೂತಿದ್ದರು.

"ಅಂದ್ರೆ ಪಾಚಿಗೆ ಮದುವೆ ಆಗ್ಬೇಕು ಅಂತಾಯ್ತು," ಅಂದ ಗಂಡ.

"ಹೂಂ."

"ಗಂಡ್ಯಾರು, ಹೆಣ್ಯಾರು?"

"ನೋಡೋಕೆ ಇಬ್ರೂ ಒಂದೇ. ಯಾರು ತನ್ನ ಮನೆ ಖಾಲಿ ಮಾಡ್ಕೊಂಡು ಹೋಗ್ತಾನೋ ಅವನು ಗಂಡು."

"ನಮ್ಮ ಮನೇಲಿ ಉಲ್ಟಾ ಆಗಿದೆ ನೋಡು," ಅಂದು ಅವನು ಇನ್ನಷ್ಟು ಬಡಿಸಿಕೊಂಡ.

ಮಾವನ ವಿಷಯ ಈಗಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನ ಎಡವಟ್ಟೆಲ್ಲ ಅವರದ್ದೇ. ಅವರು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಊರಿನ ದೊಡ್ಡ ಟ್ಯಾಂಕಿನ ನೀರಿನ ಮಟ್ಟ ಇಳಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಮಟ್ಟ ಇಳಿಯಿತೆಂದರೆ ಊರಿನ ನಲ್ಲಿಗಳೆಲ್ಲ ಬುಸ್ ಅನ್ನುತ್ತಿದ್ದವು, ಬೈಗುಳವೆಲ್ಲ ಇವರ ಪಾಲಿಗೆ ಬರುತ್ತಿತ್ತು. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ಮನೆಯ ಯಾವ ಪಾತ್ರೆಯಲ್ಲೂ ನೀರು ಅರ್ಧಕ್ಕೆ ನಿಲ್ಲಲು ಅವರು ಬಿಡುತ್ತಿರಲಿಲ್ಲ. ಸೋರುವ ಪೈಪು ಕಂಡರಂತೂ ಮೈಯೆಲ್ಲ ಉರಿ.

ಹಾಗಾಗಿಯೇ ಒಂದು ದಿನ ಅವಳು ತಿರುವಿಗೆ ಬಂದಾಗ ಗುಂಡಿ ಇರಲಿಲ್ಲ. ರಸ್ತೆ ಅಗೆದು, ಪೈಪು ಸರಿಮಾಡಿ, ಮಣ್ಣು ತುಂಬಿ, ಮೇಲೆ ಹೊಸ ಡಾಂಬರು ಹಾಕಿದ್ದರು. ಮನೆಗೆ ಬಂದು ಹೇಳಿದರೆ ಮಾವನ ಮುಖ ಅರಳಿತು.

"ನಾನೇ ಹಳೇ ಆಫೀಸಿಗೆ ಫೋನ್ ಮಾಡಿ ಬೆನ್ನು ಹತ್ತಿದ್ದೆ. ಎಷ್ಟು ನೀರು ದಂಡವಾಗಿ ಹೋಗ್ತಿತ್ತು ಗೊತ್ತಾ?"

ಅವಳು ಅಳಬೇಕೋ ನಗಬೇಕೋ ತಿಳಿಯದೆ ಕೊನೆಗೆ ನಕ್ಕಳು. ಪುಣ್ಯಕ್ಕೆ ಅಷ್ಟರಲ್ಲಾಗಲೇ ಗುಂಡಿಯ ಪಾಚಿಯನ್ನು ಮೂರು ಗಾಜಿನ ಬಟ್ಟಲುಗಳಿಗೆ ಹಂಚಿ ಹಿಂದಿನ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದಳು. ಇನ್ನು ಇರುವುದು ಅಷ್ಟೇ. ಅವೂ ಹೋದರೆ ಆ ಪಾಚಿ ಇಲ್ಲಿ ಬದುಕಿತ್ತು ಅನ್ನುವುದಕ್ಕೇ ಸಾಕ್ಷಿ ಇರುವುದಿಲ್ಲ. ತಾನು ಕಂಡದ್ದು ಕನಸಾಗಿಬಿಡುತ್ತದೆ. ಇದನ್ನು ಅವಳು ಮಾವನಿಗೆ ಹೇಳಲಿಲ್ಲ. ಫೋನ್ ಮಾಡಿದ್ದಕ್ಕೆ ನೊಂದುಕೊಂಡಾರು ಅಂತ ಸುಮ್ಮನಾದಳು. ಒಳ್ಳೆಯತನದಲ್ಲಿ ಇಂಥ ಪೆದ್ದುತನವೂ ಸೇರಿಕೊಂಡಿರುತ್ತದೆ.

ಬಟ್ಟಲುಗಳ ಮೇಲೆ ತೆಳುಬಟ್ಟೆ ಹೊದಿಸಿ, ನೀರು ತಾನಾಗಿ ಆರುತ್ತ ಇಳಿಯಲಿ ಅಂತ ಬಿಟ್ಟಳು. ನೀರು ಇಳಿಯಲಿಲ್ಲ. ಬಿಸಿಲು ಹೆಚ್ಚು ಬೀಳುವ ಕಡೆಗೆ ಸರಿಸಿದಳು. ಆಗಲೂ ಇಳಿಯಲಿಲ್ಲ. ಈ ಮನೆಯ ಗಾಳಿಯಲ್ಲೇ ತೇವ ಇರಬೇಕು ಅಂದುಕೊಂಡಳು. ಪಾಚಿಯೋ, ರಜೆಗೆ ಅಜ್ಜಿ ಮನೆಗೆ ಹೋದ ಮಕ್ಕಳ ಹಾಗೆ ಮೈ ತುಂಬಿಕೊಳ್ಳುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಳೆಗಳು ಒಂದರ ಕಡೆ ಇನ್ನೊಂದು ತಿರುಗಿಯೂ ನೋಡುತ್ತಿರಲಿಲ್ಲ. "ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ಯಾವ ಸುಖಕ್ಕೆ ಅಂತ ಮದುವೆ ಆಗ್ತವೆ," ಅಂದ ಗಂಡ. ಅಷ್ಟರಲ್ಲಿ ಒಂದು ಬಟ್ಟಲಿಗೆ ಬಿಳಿಯ ಬೂಷ್ಟು ಹತ್ತಿತು. ಬಟ್ಟಲಿನ ಬದುಕು ಎಷ್ಟೆಂದರೂ ಬಟ್ಟಲಿನ ಬದುಕೇ. ಅವಳಿಗೆ ದಿಗಿಲಾಯಿತು.

ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ಅವಳು ಬಂದು ಹಿಂದಿನ ಕೋಣೆಗೆ ಹೋದರೆ, ಮಾವ ಕಿಟಕಿಯ ಮುಂದೆ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಹಿಡಿದು, ಚಮಚದಲ್ಲಿ ಒಂದೊಂದೇ ಹನಿ ನೀರು ಬಿಡುತ್ತಿದ್ದರು.

"ಏನ್ ಮಾಡ್ತಿದೀರಿ ಮಾವ?"

ಮಾವ ಹೆಮ್ಮೆಯಿಂದ ತಿರುಗಿದರು. "ಬಂದ್ಯಾಮ್ಮ. ನಿಂಗೆ ಕಾಲೇಜಿನ ಗಡಿಬಿಡೀಲಿ ಮರೆತುಹೋಗುತ್ತೆ ಅಂತ ನಾನೇ ನೋಡ್ಕೊಳ್ತಿದೀನಿ. ಒಂದು ಕೂದಲಿನಷ್ಟೂ ಇಳಿಯೋಕೆ ಬಿಟ್ಟಿಲ್ಲ. ನಲ್ಲಿ ನೀರನ್ನ ನೇರ ಹಾಕೋದಿಲ್ಲ. ಹಿಂದಿನ ದಿನ ಹಿಡಿದಿಟ್ಟು, ಕ್ಲೋರಿನ್ ವಾಸನೆ ಹೋದ್ಮೇಲೇ ಹಾಕೋದು."

"ನಿಮ್ಮನ್ನ ಯಾರು ಕೇಳಿದ್ರು? ಅಲ್ಲಿ ಗುಂಡಿ ಮುಚ್ಚಿಸಿದ್ರಿ, ಇಲ್ಲಿ ಇದನ್ನೂ ಹಾಳು ಮಾಡಿದ್ರಿ."

ಮಾವ ಚಮಚವನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಈ ಮನೆಗೆ ಬಂದಾಗಿನಿಂದ ಅವರ ಮುಂದೆ ದನಿ ಎತ್ತಿದವಳಲ್ಲ. ಆ ರಾತ್ರಿಯ ಊಟದಲ್ಲಿ ಗಂಡ ಒಮ್ಮೆ ಅಪ್ಪನ ಮುಖ ನೋಡಿ, ಒಮ್ಮೆ ಹೆಂಡತಿಯ ಮುಖ ನೋಡಿ, ಕೊನೆಗೆ ತಟ್ಟೆಯನ್ನೇ ನೋಡಿಕೊಂಡು ಉಂಡ.

ಬೆಳಿಗ್ಗೆ ಮಾವ ಬಾಗಿಲಲ್ಲಿ ನಿಂತಿದ್ದರು. "ಏನು ಹಾಳಾಯ್ತು ಅಂತ ಹೇಳು. ಏನಂತ ತಿಳೀದೆ ತಪ್ಪಾಯ್ತು ಅನ್ನೋದು ನನ್ನ ಕೈಲಿ ಆಗಲ್ಲ."

ಅವಳು ಕೂರಿಸಿ, ಪುಸ್ತಕದ ಏಣಿ ಚಿತ್ರ ತೋರಿಸಿ, ಪಂಡಿತರ ಮಾತಿನಿಂದ ಹಿಡಿದು ಗುಂಡಿಯ ತನಕ ಎಲ್ಲ ಹೇಳಿದಳು. ಮಾವ ಚಿತ್ರದ ಏಣಿಯ ಮೇಲೆ ಬೆರಳಿಟ್ಟರು.

"ಅಂದ್ರೆ ನಾನು ಅದಕ್ಕೆ ಅತಿಯಾಗಿ ಸುಖ ಕೊಟ್ಟೆ."

"ಹೂಂ ಮಾವ."

"ಸುಖ ಕೊಟ್ರೆ ತಪ್ಪು ಅಂತ ನಂಗೆ ಯಾರೂ ಹೇಳಿರಲಿಲ್ಲ."

"ನಾನು ಹೇಳ್ಬೇಕಿತ್ತು. ನಾನು ಹೇಳದೆ ಇದ್ದದ್ದೂ ತಪ್ಪೇ. ನಿನ್ನೆ ಆಡಿದ್ದಂತೂ ದೊಡ್ಡ ತಪ್ಪು."

ಬೂಷ್ಟು ಹತ್ತಿದ್ದನ್ನು ಚೆಲ್ಲಿದಳು. ಉಳಿದ ಎರಡರಲ್ಲಿ ಒಂದನ್ನು ಆತುರಕ್ಕೆ ಬಿದ್ದು ಅರ್ಧಕ್ಕರ್ಧ ಬಸಿದುಬಿಟ್ಟಳು. ಓದಿದವಳಾದರೇನು, ಆತುರಗಾರರಿಗೆ ಬುದ್ಧಿ ಮಟ್ಟ. ಪಾಚಿ ಮುದುಡಿ, ಬೆಳ್ಳಗಾಗಿ ಸತ್ತೇಹೋಯಿತು. ಈಗ ಉಳಿದದ್ದು ಒಂದೇ ಬಟ್ಟಲು. ಅದರ ನೀರು ಸಾವಕಾಶವಾಗಿ ಇಳಿಯಬೇಕು. ಬಿಸಿಲು ಜೋರಾದರೆ ಒಳಗೆ ಸರಿಸಬೇಕು, ಗಾಳಿ ಬೀಸಿದರೆ ಮರೆ ಮಾಡಬೇಕು. ಹಗಲೆಲ್ಲ ಮನೆಯಲ್ಲಿರುವವರು ಮಾವ ಒಬ್ಬರೇ. ಅವಳು ಒಂದಿಡೀ ಸಂಜೆ ಯೋಚಿಸಿ, ಬಟ್ಟಲನ್ನು ಅವರಿಗೇ ಒಪ್ಪಿಸಿದಳು.

"ಕಳ್ಳನ ಕೈಗೆ ಬೀಗದ ಕೈ ಕೊಟ್ಟೆಯಲ್ಲೇ," ಅಂದ ಗಂಡ.

"ಬೀಗ ಎಲ್ಲಿ ಸಡಿಲ ಅಂತ ಕಳ್ಳನಿಗೆ ತಾನೇ ಗೊತ್ತಿರೋದು," ಅಂದರು ಮಾವ. ಜಗಳವಾದ ಮೇಲೆ ಅವರು ತಮಾಷೆಯಾಗಿ ಆಡಿದ ಮೊದಲ ಮಾತು ಅದು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಜೀವಮಾನವೆಲ್ಲ ನೀರು ಏರಿಸಿದ ಮನುಷ್ಯ ಈಗ ಕುರ್ಚಿ ಹಾಕಿಕೊಂಡು ನೀರು ಇಳಿಯುವುದನ್ನು ನೋಡಬೇಕಾಗಿತ್ತು. ಊಟ ಕಡಿಮೆಯಾಯಿತು. ತಡೆಯಲಾಗದಾಗ ಎದ್ದು ಅಂಗಳದಲ್ಲಿ ಸುತ್ತು ಹಾಕಿ ಬರುತ್ತಿದ್ದರು. ಪಕ್ಕದ ಮನೆಯಾಕೆ ಬಂದವಳು "ಅಯ್ಯೋ, ನೀರೇ ಇಲ್ವಲ್ಲ" ಅಂತ ಬಟ್ಟಲಿಗೆ ಸುರಿಯಲು ಲೋಟ ಎತ್ತಿದಾಗ ಆಕೆಯ ಮೇಲೆ ಹರಿಹಾಯ್ದರಂತೆ. ಬಟ್ಟಲಿನ ಅಂಚಿನಲ್ಲಿ ಇಳಿದ ನೀರಿನ ಗೆರೆ ಒಂದರ ಕೆಳಗೊಂದು ಮೂಡುತ್ತ ಬಂತು. ಹಸಿರು ಮಾಸಿತು, ಹಳದಿಗೆ ತಿರುಗಿತು.

"ಸಾಯ್ತಿದೆಯೇನಮ್ಮ?"

"ಗೊತ್ತಿಲ್ಲ ಮಾವ."

"ಒಂದೇ ಒಂದು ಚಮಚ..."

"ಬೇಡ ಮಾವ."

ಮಾವ ತಲೆಯಾಡಿಸಿ ಮತ್ತೆ ಕುರ್ಚಿಯಲ್ಲಿ ಕೂತರು.

ರಜೆಯ ದಿನವೊಂದರ ಬೆಳಿಗ್ಗೆ ಬಟ್ಟಲಿನಲ್ಲಿ ನೀರೆಂದರೆ ಬರೀ ಒಂದು ಪೊರೆಯಷ್ಟು ಉಳಿದಿತ್ತು. ಅವಳು ಸೂಜಿಯ ತುದಿಯಲ್ಲಿ ಒಂದಿಷ್ಟು ಹಳದಿಯನ್ನೆತ್ತಿ ಗಾಜಿನ ಮೇಲೆ ಹರಡಿದಳು. ಮೊದಲಿಗೆ ಕಂಡದ್ದು ಖಾಲಿ ಕೊಳವೆಗಳು, ಎತ್ತ ಸರಿಸಿದರೂ ಖಾಲಿ. ಇನ್ನೊಂಚೂರು ಸರಿಸಿದಳು. ಅಲ್ಲಿ ಏಣಿ ಇತ್ತು. ಪಕ್ಕದಲ್ಲಿ ಇನ್ನೊಂದು ಏಣಿ. ಒಂದು ಬದಿಯ ಮನೆಗಳೆಲ್ಲ ಬರಿದು, ಇನ್ನೊಂದು ಬದಿಯ ಒಂದೊಂದು ಮನೆಯಲ್ಲೂ ಕಂದು ಬಣ್ಣದ ಗುಂಡನೆಯ ಬೀಜ. ದೊಡ್ಡ ಮಸೂರ ತಿರುಗಿಸಿ, ಬೀಜದ ಸಿಪ್ಪೆಯ ಮೇಲೆ ದೃಷ್ಟಿ ನಿಲ್ಲಿಸಿದಳು. ಬಲೆ ಇತ್ತು, ಕಣ್ಣು ಕಣ್ಣಾಗಿ ಹೆಣೆದ ಬಲೆ. ಅವಳಿಗೆ ಸಂತೋಷ ಉಕ್ಕಿ ಬಂದು, ಕಣ್ಣೀರಿನಿಂದ ಎಲ್ಲ ಮಂಜಾಗಿ, ಒರೆಸಿಕೊಂಡು ಮತ್ತೆ ನೋಡಬೇಕಾಯಿತು.

ಮಾವನನ್ನು ಕರೆದಳು. ಅವರು ಕಣ್ಣಿಟ್ಟು, "ಏನೂ ಕಾಣಲ್ಲ, ನನ್ನ ರೆಪ್ಪೆ ಕೂದಲೇ ಕಾಣ್ತಿದೆ," ಅಂದರು. ಗಂಡ ಬಂದು, ಅಂಗಡಿಯಲ್ಲಿ ಗಿರಾಕಿಗಳಿಗೆ ಮಾಡುವ ಹಾಗೆ ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸರಿಮಾಡಿದ. ಮಾವ ಆಮೇಲೆ ಅಲ್ಲಾಡಲಿಲ್ಲ.

"ಕಷ್ಟಪಟ್ಟಿವೆ ಪಾಪ," ಅಂದರು ಕೊನೆಗೆ.

ಪಂಡಿತರ ಉತ್ತರ ಈ ಸಲವೂ ಚಿಕ್ಕದೇ: "ಒಪ್ಪಿದೆ. ಈ ಭಾಗದಲ್ಲಿ ಇದೇ ಮೊದಲು. ನಿಮ್ಮ ಹೆಸರಿನಲ್ಲೇ ಬರೆದು ಪ್ರಕಟಿಸಿ. ಜೀವಂತ ಮಾದರಿ ಬೆಳೆಸಿ ಕಳಿಸಲಾದೀತೇ?" ಅವಳು ಅದನ್ನು ಜೋರಾಗಿ ಓದಿದಳು, ಗಂಡ ಇನ್ನೊಮ್ಮೆ ಓದಿಸಿದ. ಲೇಖನದಲ್ಲಿ ಪಾಚಿ ಸಿಕ್ಕಿದ ಜಾಗ ಅನ್ನುವಲ್ಲಿ "ಸೋರುವ ಪೈಪಿನ ಗುಂಡಿ, ಈಗಿಲ್ಲ" ಅಂತ ಬರೆಯುವಾಗ ಅವಳಿಗೆ ನಗು ಬಂತು.

ಮಾದರಿ ಬೆಳೆಸಬೇಕಾದರೆ ಒಣಗಿ ಮಲಗಿದ್ದ ಬೀಜಗಳನ್ನು ಎಬ್ಬಿಸಬೇಕು. ಪಂಡಿತರು ಹೇಳಿದಷ್ಟು ಕಾಲ ಅವು ಮಲಗಿದ್ದ ಮೇಲೆ ಅವಳು ಮಾವನ ಕೋಣೆಗೆ ಹೋದಳು.

"ಮಾವ, ಇನ್ನು ನೀರು ಹಾಕ್ಬೇಕು. ಹಿಡಿದಿಟ್ಟ ನೀರೇ ಆಗ್ಬೇಕು. ಇವತ್ತು ಹಿಡಿದಿಟ್ರೆ ನಾಳೆ ಹಾಕ್ಬಹುದು."

"ನಾಳೆ ಯಾಕೆ?" ಅನ್ನುತ್ತ ಮಾವ ಮಂಚದ ಪಕ್ಕದಿಂದ, ಮೇಲೆ ಬಟ್ಟೆ ಹೊದಿಸಿದ ಪಾತ್ರೆಯೊಂದನ್ನು ಎತ್ತಿಕೊಂಡು ಎದ್ದರು. ಬಟ್ಟಲನ್ನು ಒಪ್ಪಿಸಿಕೊಂಡ ದಿನದಿಂದ ಅವರು ದಿನಾ ಬೆಳಿಗ್ಗೆ ಹಳೆಯ ನೀರು ಚೆಲ್ಲಿ, ಹೊಸ ನೀರು ಹಿಡಿದಿಡುತ್ತಿದ್ದರು. ಸೊಸೆ ಯಾವ ದಿನ ಹಾಕಿ ಅನ್ನುತ್ತಾಳೋ ಅವರಿಗೆ ಗೊತ್ತಿರಲಿಲ್ಲ.

ಅವಳು ಅವರ ಜೊತೆ ಕಿಟಕಿಯ ತನಕ ಹೋಗಿ, ಬಟ್ಟಲಿನ ಮೇಲಿನ ಬಟ್ಟೆ ತೆಗೆದಳು.

"ಎಷ್ಟು ಹಾಕ್ಲಿ?"

"ತುಂಬ ಹಾಕಿ ಮಾವ," ಅಂದಳು.