ಲೋಟ ಬಡಿಯುವ ರೂಢಿ

“ನನ್ನ ಹೆಂಡತಿಯ ತಮ್ಮನಾಗಿ ನೀನೇ ಹಿಂಗೆ ಮಾಡೋದೇನೋ, ಲೋಫರ್?” ಎಂದು ದರ್ಜಿ ಮೇಜು ಗುದ್ದಿದ.

“ಮೆಲ್ಲಗೆ ಭಾವ, ಕಾಫಿ ಚೆಲ್ಲುತ್ತೆ,” ಎಂದ ಮೈದುನ. ಕಾಫಿ ಅಂಗಡಿಯಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು.

ಭಾನುವಾರ ಸಂಜೆ ಬೀದಿಯವರು ಅಲ್ಲಿ ಸೇರಿ ಹಾಡುತ್ತಿದ್ದರು. ಹಾಡು ಸಾಕೆನಿಸಿದರೆ ಚಮಚದಿಂದ ಲೋಟ ಬಡಿಯುವುದು ಅಲ್ಲಿಯ ರೂಢಿ. ದರ್ಜಿ ಬೀದಿಗೆ ಬಂದ ಹೊಸತರಲ್ಲಿ ಮೈದುನ ಅವನಿಗೆ, “ಲೋಟ ಬಡಿದ್ರೆ ಭಾರಿ ಮೆಚ್ಚಿದಾರೆ ಅಂತ ಅರ್ಥ, ಭಾವ. ನಿಲ್ಲಿಸ್ಬೇಡಿ,” ಎಂದು ನಂಬಿಸಿದ್ದ. ಅವರು ಬಡಿದಷ್ಟೂ ದರ್ಜಿ ಉಬ್ಬಿಹೋಗಿ ಹಾಡುತ್ತಿದ್ದ. ಬೀದಿಗೆ ವರ್ಷವಿಡೀ ಪುಕ್ಕಟೆ ತಮಾಷೆ.

ಒಮ್ಮೆಯೂ ತನ್ನನ್ನು ಹೊಗಳದ ಹೆಂಡತಿಗೆ ತನ್ನ ಬೆಲೆ ಗೊತ್ತಾಗಲಿ ಎಂದು ಈ ಸಂಜೆ ಅವಳನ್ನೂ ಕರೆತಂದಿದ್ದ. ಲೋಟಗಳು ಗಣಗಣ ಎಂದಾಗ, “ನೋಡಿದ್ಯಾ?” ಎಂದು ಅವಳತ್ತ ತಿರುಗಿ ಬೀಗಿದ. ಪಕ್ಕದ ಮೇಜಿನ ಮುದುಕಿ ತಡೆಯಲಾರದೆ, “ಸಾಕು ಮಾಡು ಅಂತ ಬಡೀತಿದಾರೆ ಕಣಪ್ಪ,” ಎಂದುಬಿಟ್ಟಳು. ಜಗಳ ಹತ್ತಿಕೊಂಡದ್ದು ಅಲ್ಲಿಂದಲೇ.

ದರ್ಜಿ ಹೆಂಡತಿಯ ಕೈ ಹಿಡಿದು, “ಏಳು, ಹೋಗೋಣ,” ಎಂದ. ಅವಳೊಬ್ಬಳಾದರೂ ತನ್ನ ಕಡೆ ಎಂದು ಅವನ ನಂಬಿಕೆ.

ಅವಳು ಕೈ ಕೊಸರಿಕೊಂಡಳು. “ನೀವು ಹೋಗಿ. ಮನೇಲಿ ನಿಮ್ಮ ಹಾಡು ಕೇಳಿ ಕೇಳಿ ತಲೆ ಕೆಟ್ಟು, ಇಲ್ಲಿಗೆ ಎಳ್ಕೊಂಡು ಹೋಗು ಅಂತ ಇವನಿಗೆ ಹೇಳಿದ್ದೇ ನಾನು. ಹೆಂಗೆ ನಂಬಿಸ್ಬೇಕು ಅಂತ ಹೇಳ್ಕೊಟ್ಟಿದ್ದೂ ನಾನೇ.”

ಈ ಸಲ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು. ದರ್ಜಿ ಕುರ್ಚಿಗೆ ಹಾಕಿದ್ದ ಕೋಟನ್ನೂ ತೆಗೆದುಕೊಳ್ಳದೆ ಬೀದಿಗಿಳಿದ. ಆಮೇಲೆ ಅವನು ಆ ಅಂಗಡಿಗೂ ಬರಲಿಲ್ಲ, ಮನೆಗೂ ಬರಲಿಲ್ಲ.