ನುಣುಪು ಚಂದ್ರ

ಹೂವಯ್ಯನಿಗೆ ಡಿಗ್ರಿ ಇರಲಿಲ್ಲ. ಹೊಸನಗರದ ಹೈಸ್ಕೂಲೊಂದರ ವಿಜ್ಞಾನದ ಕೋಣೆಯಲ್ಲಿ ಆರು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದ. ೧೯೬೬ರಲ್ಲಿ ಅಲ್ಲೇ ಪ್ರಯೋಗಶಾಲೆಯ ಸಹಾಯಕನ ಹುದ್ದೆ ಖಾಲಿಯಾಯಿತು.

"ಡಿಗ್ರಿ ಇಲ್ಲದವನನ್ನ ಸ್ಕೂಲ್ ಇನ್ಸ್‌ಪೆಕ್ಟರು ಒಪ್ಪಬೇಕಾದರೆ ಕೈಕೆಲಸ ತೋರಿಸಬೇಕು," ಅಂದರು ಹೆಡ್‌ಮಾಸ್ತರ್ ಗಣೇಶಮೂರ್ತಿ. "ತೀರ್ಥಹಳ್ಳಿ ವಸ್ತುಪ್ರದರ್ಶನಕ್ಕೆ ಬರ್ತಾರೆ. ನಿನ್ನ ದುರ್ಬೀನಲ್ಲಿ ಚಂದ್ರನ ಫೋಟೋ ತೆಗಿ. ಹಳ್ಳ ಕಾಣಬೇಕು ಮಾರಾಯ. ಬರೀ ಬೆಳಕು ಕಂಡರೆ ಲಾಟೀನು ಅಂತಾರೆ."

ದುರ್ಬೀನು ಅವನೇ ಮಾಡಿದ್ದು. ತಗಡಿನ ಕೊಳವೆಯ ಒಂದು ತುದಿಗೆ ಕನ್ನಡಕದ ಗಾಜು, ಇನ್ನೊಂದು ತುದಿಗೆ ಶಾಲೆಯ ಸೂಕ್ಷ್ಮದರ್ಶಕದಿಂದ ಬಿಚ್ಚಿದ ಕಣ್ಣುಗಾಜು. ಹೆಡ್‌ಮಾಸ್ತರರ ಡಬ್ಬಿ ಕ್ಯಾಮೆರಾವನ್ನು ಅದರ ಹಿಂದೆ ಕೂರಿಸುವುದೇ ಕಷ್ಟವಾಯಿತು. ತುಸು ಅಲುಗಿದರೂ ಚಂದ್ರ ಜಾರಿಹೋಗುತ್ತಿದ್ದ. ಕೊನೆಗೆ ಅಡಿಕೆ ಹಾಳೆಯನ್ನು ನೆನೆಸಿ, ಕಣ್ಣುಗಾಜಿನಷ್ಟೇ ದಪ್ಪದ ಬಾಟಲಿಗೆ ಸುತ್ತಿ ಒಣಗಿಸಿದ. ಒಣಗಿದ ಹಾಳೆ ಕಣ್ಣುಗಾಜನ್ನೂ ಕ್ಯಾಮೆರಾದ ಮೂತಿಯನ್ನೂ ಕಚ್ಚಿ ಹಿಡಿಯಿತು.

ಷಟರ್ ಒತ್ತಿದರೆ ಇಡೀ ಕೊಳವೆ ನಡುಗುತ್ತಿತ್ತು. ಅದಕ್ಕೆ ಮುಂದಿನ ಗಾಜಿಗೆ ರಟ್ಟು ಅಡ್ಡ ಹಿಡಿದು, ಷಟರ್ ತೆರೆದು, ನಡುಕ ನಿಂತ ಮೇಲೆ ರಟ್ಟು ಸರಿಸಿ, ಎರಡೆಣಿಸಿ ಮತ್ತೆ ಮುಚ್ಚಿದ. ಅಷ್ಟಮಿಯ ಸಂಜೆ, ಹನ್ನೆರಡು ಸಲ.

ರೋಲನ್ನು ಬಸ್ ಕಂಡಕ್ಟರನ ಕೈಲಿ ಸಾಗರದ ಸ್ಟುಡಿಯೋಕ್ಕೆ ಕಳಿಸಿದ. ಜೊತೆಗೊಂದು ಚೀಟಿ: "ಚಂದ್ರನ ಫೋಟೋ. ದೊಡ್ಡವರು ನೋಡುವುದು. ತಂಗಿಯ ಫೋಟೋದ ಹಾಗೇ ಚೆನ್ನಾಗಿ ಮಾಡಿಕೊಡಿ."

ತಂಗಿ ಕೆರಿಯಮ್ಮನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಹೋದ ವರ್ಷ ವರನ ಮನೆಗೆ ಕಳಿಸಲು ಅದೇ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲಿ ಒಂದೂ ಇರಲಿಲ್ಲ. ವರ ಫೋಟೋ ಹಿಡಿದುಕೊಂಡು ಬಂದ, ಮುಖ ನೋಡಿದ, ಕಾಫಿ ಬಿಟ್ಟು ಎದ್ದ.

ಪ್ರದರ್ಶನದ ಹಿಂದಿನ ದಿನ ಹೂವಯ್ಯ ಸಾಗರಕ್ಕೆ ಹೋದ. ನೆಗೆಟಿವ್ ತಿದ್ದುವ ಮೀನಾಕ್ಷಮ್ಮ ಕಿಟಕಿಯ ಬಳಿ ಕೂತಿದ್ದರು.

"ಹನ್ನೆರಡರಲ್ಲಿ ಏಳು ಅಲುಗಿದ್ವು. ಸರಿಯಾಗಿದ್ದ ಐದನ್ನೂ ನಾನೇ ತಿದ್ದಿದೀನಿ. ಎಂಥ ಮುಖ ಮಾರಾಯ ಅದು! ನಿನ್ನ ತಂಗಿದೇ ವಾಸಿ."

ಪ್ರಿಂಟಿನಲ್ಲಿ ಅರ್ಧಚಂದ್ರ ಸುಣ್ಣ ಬಳಿದ ಗೋಡೆಯ ಹಾಗೆ ನುಣ್ಣಗಿದ್ದ.

"ಹಳ್ಳ ಎಲ್ಲಿ, ಮೀನಾಕ್ಷಮ್ಮೋರೆ?"

"ತೆಗೆದ್ನಲ್ಲ! ನೆಗೆಟಿವ್ ಮೇಲೆ ನೆರಳಿಗೆಲ್ಲ ಪೆನ್ಸಿಲ್ಲು ತುಂಬಿ, ಅಂಚಿನ ಹೊಳಪನ್ನ ಬ್ಲೇಡಲ್ಲಿ ಕೆರೆದೆ. ತಂಗಿ ಫೋಟೋದ ಹಾಗೆ ಅಂತ ನೀನೇ ಬರ್ದಿದ್ದೆ. ಒಂದು ಕಲೆನೂ ಕಾಣಬಾರದು ಅಂತ ಅವತ್ತು ಇಲ್ಲೇ ನಿಂತು ಹೇಳಿದ್ದು ಯಾರು?"

"ಮೊದಲಿನ ಹಾಗೆ ಮಾಡಕ್ಕೆ ಬರುತ್ತಾ?"

"ಪೆನ್ಸಿಲ್ಲು ಒರೆಸಬಹುದು. ಕೆರೆದದ್ದು ಹೋಯ್ತು."

ಹೂವಯ್ಯ ಜಗಳ ಆಡಲಿಲ್ಲ. ಚೀಟಿ ಅವನ ಕೈಬರಹದ್ದೇ.

ತೀರ್ಥಹಳ್ಳಿಯಲ್ಲಿ ಇನ್ಸ್‌ಪೆಕ್ಟರು ಪ್ರಿಂಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇನಯ್ಯ, ಮಡಚಿಟ್ಟ ಹೋಳಿಗೆಯಾ?"

ಸುತ್ತ ನಿಂತವರು ನಕ್ಕರು. ಗಣೇಶಮೂರ್ತಿಯವರೂ ನಕ್ಕರು.

"ಚಂದ್ರ ಸಾರ್. ಹಳ್ಳ ಇತ್ತು. ಸ್ಟುಡಿಯೋದಲ್ಲಿ ತೆಗೆದುಬಿಟ್ರು. ಸಂಜೆ ತನಕ ಇದ್ದರೆ ದುರ್ಬೀನಲ್ಲೇ ತೋರಿಸ್ತೀನಿ."

"ನಾಲ್ಕಕ್ಕೆ ನನ್ನ ಬಸ್ಸು," ಅಂದು ಇನ್ಸ್‌ಪೆಕ್ಟರು ಮುಂದಿನ ಮೇಜಿಗೆ ಹೋದರು.

ಮುಂದಿನ ತಿಂಗಳು ಶಿವಮೊಗ್ಗದಿಂದ ಡಿಗ್ರಿ ಇದ್ದವನೊಬ್ಬ ಆ ಕೆಲಸಕ್ಕೆ ಬಂದ. ಸೂಕ್ಷ್ಮದರ್ಶಕದ ಕಣ್ಣುಗಾಜು ಎಲ್ಲಿ ಎಂದು ಮೊದಲ ದಿನವೇ ಕೇಳಿದ. ಹೂವಯ್ಯ ದುರ್ಬೀನಿನಿಂದ ಬಿಚ್ಚಿ, ಒರೆಸಿ, ಕೊಟ್ಟ.

ಆ ಸ್ಟುಡಿಯೋದ ಕಿಟಕಿಯಲ್ಲಿ ಅಣ್ಣತಂಗಿಯರು ಕಳೆದುಕೊಂಡದ್ದು ಇಷ್ಟು: ಒಂದು ಸಂಬಂಧ, ಐದು ನೆಗೆಟಿವ್, ಒಂದು ಹುದ್ದೆ.