ಹೆಸರು ಮೊದಲೇ ಕೊರೆಸಿಕೊಂಡ ಗದೆ

ನಾನೊಂದು ಗದೆ. ಬೆಳ್ಳಿ ಗದೆ ಎಂದು ಜನ ಕರೆಯುತ್ತಾರೆ, ನಾನೂ ಬೇಡ ಎನ್ನುವುದಿಲ್ಲ. ನಿಜ ಹೇಳಬೇಕೆಂದರೆ ಒಳಗೆಲ್ಲ ಬೇವಿನ ಕಟ್ಟಿಗೆ, ಮೇಲೆ ಹೊದಿಸಿದ್ದು ಬೆಳ್ಳಿಯ ತೆಳ್ಳನೆ ತಗಡು. ಊರಿನ ದೊಡ್ಡ ಮನುಷ್ಯರಲ್ಲಿಯೂ ಬಹಳಷ್ಟು ಜನ ಹೀಗೇ ಇರುವುದನ್ನು ಕಂಡ ಮೇಲೆ ನನಗೆ ಇದರಲ್ಲಿ ನಾಚಿಕೆ ಉಳಿದಿಲ್ಲ.

ನನ್ನನ್ನು ಮಾಡಿದವನು ಜಮಖಂಡಿಯ ಮೌನೇಶ ಪತ್ತಾರ. ಕಟ್ಟಿಗೆಯ ಗುಂಡಿಗೆ ತಗಡು ಸುತ್ತಿ, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಮೈ ಬರಿಸಿದ. ತಲೆಯ ಮೇಲೆ ಕಮಲದ ಎಸಳು ಬಿಡಿಸಿದ. ಕುತ್ತಿಗೆಯ ಹತ್ತಿರ ಮಾತ್ರ ಅಗಲವಾದ ಪಟ್ಟಿಯೊಂದನ್ನು ಬರಿದೇ ಬಿಟ್ಟ. ಗೆದ್ದವನ ಹೆಸರು ಬರುವ ಜಾಗ ಅದು. ನನ್ನ ಜೊತೆ ತಯಾರಾದ ಗದೆಗಳೆಲ್ಲ ಕುಸ್ತಿ ಕಣಗಳಿಗೆ ಹೋದವು, ಪಟ್ಟಿ ಖಾಲಿ ಇಟ್ಟುಕೊಂಡೇ ಹೋದವು. ಗೆದ್ದ ಪೈಲವಾನ ಆಮೇಲೆ ಅಂಗಡಿಗೆ ಬಂದು, ಚಹಾ ಕುಡಿಯುತ್ತ ಕೂತು, ತನ್ನ ಹೆಸರು ಕೊರೆಸಿಕೊಂಡು ಹೋಗುವುದು ಅಲ್ಲಿಯ ರೂಢಿ. ನನ್ನ ಪಾಲಿಗೆ ಆ ರೂಢಿ ತಪ್ಪಿತು.

ನನ್ನನ್ನು ಮಾಡಿಸಿದ್ದು ಮದರಕಟ್ಟಿ ಎಂಬ ಊರಿನ ಅಭಿಮಾನಿ ಬಳಗ. ಆ ಕಡೆ ಸೈಕಲ್ ಓಡಿಸುವವರಿಗೆ ಪೈಲವಾನರಷ್ಟೇ ಮರ್ಯಾದೆ. ಮದರಕಟ್ಟಿಯ ರಾವುತಪ್ಪ ಕೌಲಗಿ ಒಂದು ಸಕ್ಕರೆ ಕಾರ್ಖಾನೆಯ ತಂಡದಲ್ಲಿ ಸಂಬಳಕ್ಕಿದ್ದು ಸೈಕಲ್ ಓಡಿಸುತ್ತಿದ್ದ. ಊರಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ರೇಸಿನಲ್ಲಿ ಅವನೇ ಮೊದಲು ಬರುತ್ತ ಬಂದಿದ್ದ. ಟ್ರ್ಯಾಕ್ಟರಿನ ಹಿಂದೆ, ಚಹಾದಂಗಡಿಯಲ್ಲಿ, ಕೊನೆಗೆ ಹಿಟ್ಟಿನ ಗಿರಣಿಯಲ್ಲೂ ಅವನ ಫೋಟೋ. ಬಳಗದ ಮುಂದಾಳು ಈರಣ್ಣ ಬಿಳ್ಳೂರ ನೀರಾವರಿ ಪೈಪು ಮಾರುವವನು. ಆ ವರ್ಷ ಮೊದಲ ಬಹುಮಾನದ ಗದೆ ತಮ್ಮ ಬಳಗದ್ದು ಎಂದು ಅವನು ಪೋಸ್ಟರಿನಲ್ಲಿ ಅಚ್ಚು ಹಾಕಿಸಿ, ರೇಸಿನ ಹಿಂದಿನ ವಾರವೇ ಪತ್ತಾರನ ಮುಂದೆ ಬಂದು ಕೂತ. ಹೆಸರು ಈಗಲೇ ಬೇಕು ಎಂದ.

“ರೇಸ್ ಇನ್ನಾ ಆಗಿಲ್ಲಲ್ರೀ ಈರಣ್ಣಾರ. ಹೆಸರ ಆಮ್ಯಾಲ ಹಾಕೂಣು,” ಎಂದ ಪತ್ತಾರ.

“ಅಂವನ ಬಿಟ್ಟ ಬ್ಯಾರೆ ಯಾರ ಬರ್ತಾರ್ರೀ? ಹೆಸರ ಇಲ್ದ ಗದಾ ಹಿಡದ್ರ ಮೆರವಣಿಗ್ಯಾಗ ಫೋಟೋ ಚಂದ ಬರೂದಿಲ್ಲ. ನೀವ ಹೊಡೀರಿ.”

ಪತ್ತಾರ ಹೊಡೆದ. ರಾವುತಪ್ಪ ಕೌಲಗಿ, ಪ್ರಥಮ ಸ್ಥಾನ ಎಂದು ನನ್ನ ಕುತ್ತಿಗೆಯ ಮೇಲೆ ಉಳಿ ಓಡಿತು. ಆಗ ನನಗೆ ನೋವಾಗಲಿಲ್ಲ, ಹೆಮ್ಮೆಯಾಯಿತು. ಉಳಿದ ಗದೆಗಳಿಗೆ ಒಡೆಯ ಯಾರೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಎಂಥ ಮಂಕು ಕವಿದಿತ್ತೋ ನನಗೆ.

ರೇಸಿನ ದಿನ ಹೆಸರು ಕಾಣದಂತೆ ನನ್ನ ಕುತ್ತಿಗೆಗೆ ಕೆಂಪು ಮಕಮಲ್ ಬಟ್ಟೆ ಸುತ್ತಿ ವೇದಿಕೆಯ ಮೇಜಿನ ಮೇಲೆ ನಿಲ್ಲಿಸಿದರು. ಅಲ್ಲಿಂದ ಕೊನೆಯ ಗೆರೆ ಎಳೆದ ರಸ್ತೆ ನೇರವಾಗಿ ಕಾಣುತ್ತಿತ್ತು. ಎರಡೂ ಬದಿಗೆ ಜನವೋ ಜನ. ಹಲಗಿ ಬಾರಿಸುವವರು ಬಂದಿದ್ದರು, ಗುಲಾಲಿನ ಚೀಲಗಳು ಬಾಯಿ ಬಿಚ್ಚಿಕೊಂಡು ಕೂತಿದ್ದವು. ಸ್ಪರ್ಧಿಗಳ ಹಿಂದೆ ಹೋಗಿದ್ದ ಜೀಪಿನಿಂದ ಫೋನಿನಲ್ಲಿ ಬಂದ ಸುದ್ದಿಯನ್ನು ಮೈಕಿನವನು ಕೂಗಿ ಹೇಳುತ್ತಿದ್ದ. ರಾವುತಪ್ಪ ಮುಂದಿದ್ದಾನೆ, ಹುಬ್ಬಳ್ಳಿ ತಂಡದವರು ಬೆನ್ನಿಗಿದ್ದಾರೆ ಎಂದ. ಊರಿಗೆ ಬರುವ ಮೊದಲು ಒಂದು ಗುಡ್ಡದ ಏರು ಇದೆ, ಅಲ್ಲಿ ಫೋನ್ ಹತ್ತುವುದಿಲ್ಲ. ಸುದ್ದಿ ಅಲ್ಲಿಗೆ ನಿಂತಿತು.

ಆಮೇಲೆ ತಿರುವಿನಲ್ಲಿ ಒಂದು ಹಸಿರು ಅಂಗಿ ಕಂಡಿತು. ಕಾರ್ಖಾನೆ ತಂಡದ ಅಂಗಿ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕರಿ ಕನ್ನಡಕ, ಒಬ್ಬನೇ ಬರುತ್ತಿದ್ದಾನೆ. ಬಳಗಕ್ಕೆ ಅಷ್ಟೇ ಸಾಕಾಯಿತು. ಹಲಗಿ ಹುಚ್ಚೆದ್ದು ಬಡಿಯಿತು, ರಾವುತಪ್ಪನ ಹೆಸರು ಕೂಗಿ ಕೂಗಿ ಜನರ ಗಂಟಲು ಹರಿಯಿತು, ಗೆರೆ ದಾಟಿದವನ ಮೇಲೆ ಚೀಲಗಟ್ಟಲೆ ಗುಲಾಲು ಸುರಿಯಿತು. ಅವನು ಸೈಕಲ್ಲಿನಿಂದ ಇಳಿದು, ಕನ್ನಡಕ ತೆಗೆದು, ಮುಖ ಒರೆಸಿಕೊಂಡ. ಗುಲಾಲಿನ ಕೆಳಗೆ ಇದ್ದದ್ದು ಯಮನೂರಿಯ ಮುಖ.

ಯಮನೂರಿ ಹಡಪದ ಅದೇ ಊರಿನವನು. ಬಸ್‌ಸ್ಟ್ಯಾಂಡಿನ ಹತ್ತಿರ ಕ್ಷೌರದಂಗಡಿ ಇಟ್ಟ ಗುರಪ್ಪನ ಮಗ. ಅದೇ ತಂಡದಲ್ಲಿ ರಾವುತಪ್ಪನಿಗೆ ನೆರವಾಗಿ ಓಡಿಸುವುದು ಅವನ ಕೆಲಸ. ಮುಂದೆ ಸಾಗಿ ಗಾಳಿಯನ್ನು ತನ್ನ ಎದೆಗೆ ತಗೊಳ್ಳಬೇಕು, ಬೆನ್ನ ಹಿಂದೆ ರಾವುತಪ್ಪ ಹಗುರಾಗಿ ಬರಬೇಕು. ನೀರಿನ ಬಾಟಲಿ ಕೊಡಬೇಕು, ಟೈರು ಹೋದರೆ ತನ್ನ ಗಾಲಿ ಬಿಚ್ಚಿ ಕೊಡಬೇಕು. ಕೊನೆಗೆ ಸರಿದು ನಿಂತು ದಾರಿ ಬಿಡಬೇಕು. ಗೆಲ್ಲಬಾರದು ಎಂದು ಯಾರೂ ಬರೆದುಕೊಟ್ಟಿರಲಿಲ್ಲ, ಆದರೆ ಅವನು ಗೆಲ್ಲಬಹುದು ಎಂದು ಆ ಊರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೊದಲು ಹಲಗಿ ನಿಂತಿತು. ಎಸೆದ ಗುಲಾಲನ್ನು ವಾಪಸು ಕೇಳುವವರ ಹಾಗೆ ಜನ ಅವನನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಹುಬ್ಬಳ್ಳಿಯವರು ಬಂದರು, ಅವರ ಹಿಂದೆ, ಬಹಳ ಹಿಂದೆ, ರಾವುತಪ್ಪ ಬಂದ. ಅಳುತ್ತಿದ್ದ. ಬಳಗ ಅವನನ್ನು ಸೈಕಲ್ ಸಮೇತ ಎತ್ತಿಕೊಂಡಿತು. ಯಾರೋ ಒಬ್ಬ ಮೋಸ ಎಂದ. ಆ ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗಿ ವೇದಿಕೆ ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದಿದ್ದವು: ಯಮನೂರಿ ಅಡ್ಡ ಬಂದನಂತೆ, ನೀರು ಕೊಡಲಿಲ್ಲವಂತೆ, ಏರಿನಲ್ಲಿ ನೂಕಿದನಂತೆ. ರಾವುತಪ್ಪ ಜನರ ಹೆಗಲ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದ. ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಫಲಿತಾಂಶ ರದ್ದು ಮಾಡಬೇಕೆಂದು ಈರಣ್ಣ ತೀರ್ಪುಗಾರರ ಮೇಜು ಗುದ್ದಿದ. ಅವರು ಬೇರೆ ಊರಿನವರು, ಜೀಪಿನಲ್ಲಿದ್ದವರನ್ನು ಕೇಳಿ, ತಕರಾರಿಗೆ ಆಧಾರವಿಲ್ಲ ಎಂದು ಹೇಳಿ ನನ್ನನ್ನು ಯಮನೂರಿಯ ಕೈಗೆ ಕೊಟ್ಟರು. ಗದೆಗೆ ಸುತ್ತಿದ ಮಕಮಲ್ಲನ್ನು ಗೆದ್ದವನೇ ಬಿಚ್ಚುವುದು ಪದ್ಧತಿ. ಅವನು ಬಿಚ್ಚಿದ. ಓದಿದ. ಮತ್ತೊಮ್ಮೆ ಓದಿದ. ಹೆಸರು ಯಾರದ್ದಿದೆ ನೋಡಿಕೊ ಎಂದು ಮುಂದಿನ ಸಾಲಿನವರು ನಕ್ಕರು. ಆದರೂ ಅವನು ನನ್ನನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿದ. ಒಬ್ಬರೇ ಒಬ್ಬರು ಚಪ್ಪಾಳೆ ತಟ್ಟಿದರು, ಅವನಪ್ಪ ಗುರಪ್ಪ. ತನ್ನ ಚಪ್ಪಾಳೆಯ ಸಪ್ಪಳ ತನಗೇ ಕೇಳಿಸತೊಡಗಿದಾಗ ಅವನೂ ನಿಲ್ಲಿಸಿದ.

ಸಂಜೆ ನನ್ನನ್ನು ಅಂಗಡಿಯ ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಪೌಡರ್ ಡಬ್ಬಿಯ ಪಕ್ಕ ಇಟ್ಟರು. ಕಿವಿಯೊಳಗಿನ ಗುಲಾಲು ಇನ್ನೂ ಹೋಗಿರಲಿಲ್ಲ, ಯಮನೂರಿ ಅಪ್ಪನಿಗೆ ನಡೆದದ್ದು ಹೇಳಿದ.

“ಗುಡ್ಡದ ಏರಿನ್ಯಾಗ ರಾವುತಪ್ಪನ ಕಾಲ ಹಿಡಕೊಂಡ್ವು. ‘ನನ್ನ ಕೈಲೆ ಆಗೂದಿಲ್ಲ, ನೀ ಹೋಗು, ಇಲ್ಲಂದ್ರ ಹುಬ್ಬಳ್ಳ್ಯಾವ್ರು ಒಯ್ತಾರ’ ಅಂದ. ಅಂವ ಹೇಳ್ದಿದ್ರ ನಾ ಹೋಗ್ತಿದ್ನೇನಪಾ?”

“ಹೋಗ್ತಿದ್ದಿಲ್ಲ. ನಾಳಿಗಿ ಅಂವನ ಎಲ್ಲಾರ ಮುಂದ ಹೇಳ್ತಾನ ಬಿಡು,” ಎಂದ ಗುರಪ್ಪ.

ನಾನೂ ಹಾಗೇ ನಂಬಿದೆ. ಯಮನೂರಿಗೆ ನಾನು ಬೇಕಾಗಿರಲಿಲ್ಲ, ಮೆರವಣಿಗೆ ಬೇಕಾಗಿರಲಿಲ್ಲ. ನೀ ಗೆದ್ದಿ ಎಂದು ಊರು ಒಂದು ಸಲ ಅಂದರೆ ಸಾಕಿತ್ತು. ಅದಕ್ಕೆ ರಾವುತಪ್ಪನ ಒಂದು ಮಾತು ಬೇಕಿತ್ತು, ಅಷ್ಟೇ.

ರಾವುತಪ್ಪ ಮಾತಾಡಿದ್ದೇನೋ ನಿಜ. ಬಳಗದವರು ಅವನ ವಿಡಿಯೋ ಮಾಡಿ ಎಲ್ಲರ ಫೋನಿಗೂ ಕಳಿಸಿದರು, ಅಂಗಡಿಯಲ್ಲಿ ಕೂತವನೊಬ್ಬ ಅದನ್ನು ಗುರಪ್ಪನಿಗೆ ಕೇಳಿಸಲೆಂದೇ ದೊಡ್ಡದಾಗಿ ಹಾಕಿದ. ಆಗಿದ್ದು ಆಗಿಹೋಯಿತು, ನನಗೆ ಯಾರ ಮೇಲೂ ಸಿಟ್ಟಿಲ್ಲ, ನನ್ನ ಜೊತೆಗಾರನಿಗೆ ಯಾರೂ ಏನೂ ಅನ್ನಬೇಡಿ ಎಂದಿದ್ದ. ಎಷ್ಟು ದೊಡ್ಡ ಮನಸ್ಸು ಎಂದು ಜನ ಕಣ್ಣೊರೆಸಿಕೊಂಡರು. ಒಂದು ಸುಳ್ಳನ್ನೂ ಆಡದೆ ಒಬ್ಬನನ್ನು ಹೀಗೆ ಮುಗಿಸಬಹುದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಆ ಕ್ಷಮೆ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಗುರಪ್ಪನ ಅಂಗಡಿಗೆ ಜನ ಬರುವುದು ಕಡಿಮೆಯಾಯಿತು. ಕೂಸಿದ್ದಾಗ ಅವನ ಕೈಯಲ್ಲೇ ಜವಳದ ಕೂದಲು ತೆಗೆಸಿಕೊಂಡ ಹುಡುಗರು ಕೂಡ ಗಡ್ಡ ಬೋಳಿಸಿಕೊಳ್ಳಲು ಪಕ್ಕದ ಊರಿಗೆ ಮೋಟರ್ ಸೈಕಲ್ ಹತ್ತಿ ಹೋದರು. ಅಭಿಮಾನ ಎಂದರೆ ಇದು. ಕಾರ್ಖಾನೆಯವರಿಗೆ ರಸ್ತೆ ಬದಿಗೆ ನಿಂತು ಜೈ ಎನ್ನುವ ಜನ ಬೇಕಿತ್ತು, ಹಾಗಾಗಿ ಮುಂದಿನ ವರ್ಷದ ತಂಡದಲ್ಲಿ ಯಮನೂರಿಯನ್ನು ಇಟ್ಟುಕೊಳ್ಳಲಿಲ್ಲ. ಬೇರೆ ತಂಡದವರು ತನ್ನ ನಾಯಕನಿಗೇ ಕೈಕೊಟ್ಟವನು ನಮಗೇಕೆ ಎಂದರು. ಅವನು ಒಬ್ಬನೇ ಒಂದೆರಡು ರೇಸಿಗೆ ಹೋದ. ಹೋದಲ್ಲೆಲ್ಲ ಮದರಕಟ್ಟಿಯವರು ರಸ್ತೆಗೆ ಬೆನ್ನು ಮಾಡಿ ನಿಂತರು. ಸೈಕಲ್ಲನ್ನು ಅಟ್ಟಕ್ಕೆ ಹಾಕಿ ಅವನು ಕತ್ತರಿ ಹಿಡಿದು ಅಪ್ಪನ ಪಕ್ಕದ ಕುರ್ಚಿಯ ಹಿಂದೆ ಬಂದು ನಿಂತ.

ಒಂದು ದಿನ ತಡೆಯಲಾರದೆ ನನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಜಮಖಂಡಿಗೆ ಹೊರಟ. ಹೆಸರು ಉಜ್ಜಿಸಿ ಮೇಲೊಂದು ಹೊಸ ಪಟ್ಟಿ ಕೂರಿಸುವುದು ಅವನ ವಿಚಾರ. ಗುರಪ್ಪ ಬಾಗಿಲಲ್ಲಿ ಅಡ್ಡ ನಿಂತ.

“ಅಳಿಸಿದ್ರ ಕದ್ದಾವ್ರಂಗ ಕಾಣ್ತೀವಿ. ಅಂವ ಬಂದು ನಾಕ ಮಂದ್ಯಾಗ ಹೇಳ್ಲಿ, ಆಮ್ಯಾಲ ನಾನ ನಿಂತ ಕೊರಸ್ತೀನಿ.”

ರಾವುತಪ್ಪ ಬಂದ. ನಾಲ್ಕು ಮಂದಿ ಇಲ್ಲದ ಹೊತ್ತು ನೋಡಿಕೊಂಡು ಬಂದ. ಮಧ್ಯಾಹ್ನದ ಬಿಸಿಲು, ಯಮನೂರಿ ಊಟಕ್ಕೆ ಹೋಗಿದ್ದ. ಗುರಪ್ಪ ಬಟ್ಟೆ ಹೊದಿಸಿ, ಸಾಬೂನಿನ ನೊರೆ ಹಚ್ಚಿ, ಕತ್ತಿ ಹಿಡಿದ. ಎದುರಿಗೆ ಕನ್ನಡಿ, ಕನ್ನಡಿಯ ಕೆಳಗೆ ನಾನು. ರಾವುತಪ್ಪ ನನ್ನ ಕುತ್ತಿಗೆ ನೋಡಿದ, ಕಣ್ಣು ಮುಚ್ಚಿದ.

“ನಾನ ಹೋಗಂದಿದ್ದೆ ಕಾಕಾ,” ಎಂದ.

“ಗೊತ್ತೈತಿ. ಅದನ್ನ ಚೌಕದಾಗ ನಿಂತ ಹೇಳು.”

“ಹೆಂಗ ಹೇಳ್ಲಿ? ಮೋಸ ಹ್ವಾದಾವ ಅಂತ ಮಂದಿ ನನ್ನ ಹೊತ್ಕೊಂಡಾರ. ಕಾಲ ಸೋತಾವನ ಬ್ಯಾನರ್ ಯಾರೂ ಕಟ್ಟೂದಿಲ್ಲ.”

ಕತ್ತಿ ಅವನ ಗಂಟಲ ಮೇಲಿತ್ತು. ಗುರಪ್ಪ ಒಂದು ಗೀರೂ ಬೀಳದಂತೆ ಕೆಲಸ ಮುಗಿಸಿದ, ಕೆನ್ನೆಗೆ ಪಟಕದ ಕಲ್ಲು ಸವರಿದ, ಬಟ್ಟೆ ಕೊಡವಿದ. ಇನ್ನೊಮ್ಮೆ ಬರಬೇಡ ಎಂದಷ್ಟೇ ಹೇಳಿದ. ಮಗನಿಗೆ ಇದನ್ನು ಅವನು ತಿಳಿಸಲೇ ಇಲ್ಲ. ತಿಳಿಸಬೇಕಿತ್ತೇ? ನನಗೆ ಈಗಲೂ ಗೊತ್ತಾಗಿಲ್ಲ. ರಾವುತಪ್ಪ ಇಂದಲ್ಲ ನಾಳೆ ಬರುತ್ತಾನೆ ಎಂದು ಯಮನೂರಿ ಎಷ್ಟೋ ಕಾಲ ಬಾಗಿಲ ಕಡೆ ನೋಡುತ್ತಿದ್ದ. ಆಗೆಲ್ಲ ಗುರಪ್ಪ ಕತ್ತಿಯನ್ನು ಸುಮ್ಮನೆ ಚರ್ಮದ ಪಟ್ಟಿಗೆ ಮಸೆಯುತ್ತಿದ್ದ.

ವರ್ಷಗಳು ಹೋದವು, ಗುರಪ್ಪನೂ ಹೋದ. ಯಮನೂರಿಯ ತಲೆ ಅಲ್ಲಲ್ಲಿ ಬೆಳ್ಳಗಾಯಿತು, ನಾನು ಅಲ್ಲಲ್ಲಿ ಕಪ್ಪಗಾದೆ. ಜನ ಮೆಲ್ಲಗೆ ಅಂಗಡಿಗೆ ತಿರುಗಿ ಬಂದರು. ಸಿಟ್ಟು ಇಳಿದಿತ್ತೆಂದಲ್ಲ, ಮರೆವು ಬಂದಿತ್ತು. ಗಡ್ಡ ಕೆರೆಸಿಕೊಳ್ಳಲು ಪಕ್ಕದ ಊರಿಗೆ ಹೋಗುವುದು ಬೇಸರವಾಗಿತ್ತು.

ಹೀಗಿರುವಾಗ ಒಬ್ಬ ತರುಣ ಬಂದು ಕುರ್ಚಿಯಲ್ಲಿ ಕೂತ. ರಾವುತಪ್ಪ ಈಗ ಸೈಕಲ್ ಕಲಿಸುವ ಗುರು, ಇವನು ಅವನ ಹೊಸ ಅಭಿಮಾನಿ. ಯಮನೂರಿ ಯಾರೆಂದು ಅವನಿಗೆ ತಿಳಿಯದು. ತಲೆ ಬಗ್ಗಿಸಿದವನ ಕಣ್ಣಿಗೆ ನಾನು ಬಿದ್ದೆ. ಕುತ್ತಿಗೆಯ ಮೇಲಿನದನ್ನು ಓದಿದ. ಗುರುಗಳ ಗದೆ ನಿಮ್ಮಲ್ಲಿಗೆ ಹೇಗೆ ಬಂತು ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ಕತೆ ಶುರುಮಾಡಿದ. ಆ ವರ್ಷ ತಂಡದವನೇ ಒಬ್ಬ ದಗಾ ಮಾಡಿದರೂ ಗುರುಗಳೇ ಗೆದ್ದರಂತೆ. ಆ ದಗಾಖೋರ ಗದೆ ಕದ್ದು ಓಡಿದನಂತೆ.

ಯಮನೂರಿಯ ಕತ್ತರಿ ನಿಂತಿತು. ಹೇಳು, ಈಗಲಾದರೂ ಬಾಯಿ ಬಿಡು ಎಂದು ನಾನು ಒಳಗೇ ಒದ್ದಾಡಿದೆ. ಅವನು ನನ್ನ ಮೇಲಿನ ಹೆಸರನ್ನು ಬಹಳ ಹೊತ್ತು ನೋಡಿದ.

“ಅಂವಂದ ಐತಿ, ತಗೊಂಡ ಹೋಗು ತಮ್ಮಾ,” ಎಂದ. “ನಂದಾಗಿದ್ರ ನನ್ನ ಹೆಸರ ಇರ್ತಿತ್ತು.”

ತರುಣನಿಗೆ ಮಾತಿನ ತಲೆಬುಡ ತಿಳಿಯಲಿಲ್ಲ. ಯಮನೂರಿ ಅವನ ಕೂದಲು ಸಮ ಮಾಡಿ, ಕುತ್ತಿಗೆಗೆ ಪೌಡರ್ ಹಚ್ಚಿ, ನನ್ನನ್ನು ಒಂದು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೊಟ್ಟು, ಮುಂದಿನವನನ್ನು ಕರೆದ. ನನ್ನನ್ನು ತಿರುಗಿ ನೋಡಲಿಲ್ಲ. ನನಗೆ ಅಳು ಬರುವಂತಿದ್ದರೆ ಅವತ್ತು ಅಳುತ್ತಿದ್ದೆ.

ಸುದ್ದಿ ಹಬ್ಬಿ ಹಳೆಯ ಬಳಗ ಮತ್ತೆ ಕೂಡಿತು. ಮುದುಕನಾದ ಈರಣ್ಣ ಹಲಗಿ ತರಿಸಿದ. ನನ್ನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ ಊರೆಲ್ಲ ಸುತ್ತಿಸಿ ರಾವುತಪ್ಪನ ಮನೆ ಬಾಗಿಲಿಗೆ ತಂದರು. ಅವನು ಹೊರಗೆ ಬಂದು ನನ್ನನ್ನು ಕಂಡದ್ದೇ ಮುಖದ ರಕ್ತ ಇಳಿಯಿತು. ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ಒಂದು ಮಾತಿಗಾಗಿ ಕಾಯುತ್ತಿದ್ದಾರೆ. ಗುರಪ್ಪ ಸಾಯುವ ತನಕ ಯಾವ ನಾಲ್ಕು ಮಂದಿಗಾಗಿ ಕಾದಿದ್ದನೋ ಅವರು ಅಲ್ಲಿ ನೂರಾಗಿ ನಿಂತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆಸೆಯಾಯಿತು. ರಾವುತಪ್ಪ ನನ್ನನ್ನು ಎರಡೂ ಕೈಯಿಂದ ತೆಗೆದುಕೊಂಡ, ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ.

“ಕಡೀಗೂ ಮನಿಗಿ ಬಂತ ನೋಡ್ರಿ,” ಎಂದ.

ಈಗ ನಾನು ಅವನ ಪಡಸಾಲೆಯ ಗಾಜಿನ ಕಪಾಟಿನಲ್ಲಿದ್ದೇನೆ. ನನ್ನನ್ನು ಉಜ್ಜಿ ಹೊಳೆಯಿಸಿದ್ದಾರೆ, ಸುಖವಾಗಿದ್ದೇನೆ ಎನ್ನಬೇಕು. ಬಂದವರೆಲ್ಲ ನನ್ನ ಕುತ್ತಿಗೆ ಓದಿ ಆ ದಿನದ ರೇಸಿನ ಬಗ್ಗೆ ಕೇಳುತ್ತಾರೆ. ಮೊದಮೊದಲು ರಾವುತಪ್ಪ ಮಾತು ಹಾರಿಸಿ ಚಹಾ ಹೇಳಲು ಒಳಗೆ ಹೋಗುತ್ತಿದ್ದ. ಈಚೆಗೆ ಕೂತು ಹೇಳುತ್ತಾನೆ. ಗುಡ್ಡದ ಏರಿನಲ್ಲಿ ಹೇಗೆ ಸೀಟು ಬಿಟ್ಟು ಎದ್ದು ನಿಂತದ್ದು, ಹುಬ್ಬಳ್ಳಿಯವರನ್ನು ಹೇಗೆ ಹಿಂದೆ ಹಾಕಿದ್ದು, ಒಂದು ಸಲವೂ ತಿರುಗಿ ನೋಡದೆ ಹೇಗೆ ಹೋದದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾನೆ. ಅದರಲ್ಲಿ ಒಂದೂ ತಪ್ಪಿಲ್ಲ. ಏರಿನಲ್ಲಿ ಕಾಲು ಹಿಡಿದುಕೊಂಡು ನಿಂತು, ಯಮನೂರಿ ಮಾಡಿದ ಅದಷ್ಟನ್ನೂ ಹಿಂದಿನಿಂದ ಕಣ್ಣಾರೆ ನೋಡಿದವನು ಅವನೇ.